ಪೆಟ್ಟಿಗೆಯ ಮೇಲಿನ ವ್ಯಾಟ್ ನಂಬಬೇಡಿ: ಮನೆಯೊಳಗಿನ ಗಿಡಕ್ಕೆ ಅಗ್ಗದ ಎಲ್‌ಇಡಿ ಬೆಳಕು

ಪ್ರಶ್ನೆ: ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಮೂರು ಕಡೆ ಕಟ್ಟಡಗಳು, ತಾರಸಿಗೆ ಮಾಲೀಕರು ಬೀಗ ಹಾಕಿದ್ದಾರೆ. ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಬಿಸಿಲು ಬಂದರೆ ಹೆಚ್ಚು. ಅಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಬ್ಬಿಣದ ರ‍್ಯಾಕ್ ಇದೆ. ಕೊತ್ತಂಬರಿ, ಮೆಂತ್ಯ, ಪುದೀನ, ಒಂದು ತುಳಸಿ, ಸಾಧ್ಯವಾದರೆ ನಾಲ್ಕು ಮೆಣಸಿನ ಗಿಡ ಬೆಳೆಸುವ ಆಸೆ. ಆನ್‌ಲೈನ್ ಅಂಗಡಿಯಲ್ಲಿ ‘1000 ವ್ಯಾಟ್ ಗ್ರೋ ಲೈಟ್’ ಎಂಬ ನೇರಳೆ ದೀಪ 2,800 ರೂಪಾಯಿಗೆ ಸಿಗುತ್ತಿದೆ. ಕೊಳ್ಳಬಹುದೇ? ನನ್ನ ಕೈಯಲ್ಲಿರುವುದು ಎರಡು ಸಾವಿರ, ಎಳೆದರೆ ಮೂರು. ದಿನಕ್ಕೆ ಎಷ್ಟು ಗಂಟೆ ಉರಿಸಬೇಕು? ಗೃಹಜ್ಯೋತಿಗೆ ಕುತ್ತು ಬರುತ್ತದೆಯೇ? ಟೊರೊಂಟೊದಲ್ಲಿರುವ ನನ್ನ ಅಕ್ಕನ ಕರಿಬೇವಿನ ಗಿಡ ಪ್ರತಿ ಚಳಿಗಾಲದಲ್ಲೂ ಬೋಳಾಗುತ್ತದೆ. ಅವಳಿಗೂ ಇಲ್ಲಿಂದಲೇ ದೀಪ ಕಳುಹಿಸಬಹುದೇ?

ಉತ್ತರ: ಆ ನೇರಳೆ ದೀಪ ಬೇಡ. ನಾಲ್ಕು ಅಡಿ ಉದ್ದದ, 20 ವ್ಯಾಟ್‌ನ, ಬಿಳಿ ಬೆಳಕಿನ ಸಾಮಾನ್ಯ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಪಟ್ಟಿ ದೀಪ) ನಾಲ್ಕು ತನ್ನಿ. ಸಾಧಾರಣ ಕಂಪನಿಯದಾದರೆ ಒಂದಕ್ಕೆ ಇನ್ನೂರರಿಂದ ಮುನ್ನೂರು ರೂಪಾಯಿ. ಜೊತೆಗೆ ಒಂದು ಟೈಮರ್, ಸ್ವಲ್ಪ ವೈರು, ರ‍್ಯಾಕಿನ ಬದಿಗೆ ಕಟ್ಟಲು ಬಿಳಿ ಹಲಗೆ. ಎಲ್ಲ ಸೇರಿ ಎರಡು ಸಾವಿರದ ಒಳಗೇ ಮುಗಿಯಬೇಕು. ಮೆಣಸಿನ ಗಿಡವೊಂದನ್ನು ಬಿಟ್ಟರೆ ನೀವು ಬರೆದಿರುವುದೆಲ್ಲ ಇದರಲ್ಲಿ ಬೆಳೆಯುತ್ತದೆ. ತುಳಸಿ ಸ್ವಲ್ಪ ಗೊಣಗಬಹುದು. ಅವಸರವಿದ್ದರೆ ಇಷ್ಟನ್ನೇ ಓದಿ ಅಂಗಡಿಗೆ ಹೋಗಬಹುದು. ಆದರೆ ಅಂಗಡಿಯವನ ಮಾತಿಗೆ ಮರುಳಾಗದಿರಲು ಮುಂದಿನ ಲೆಕ್ಕ ತಿಳಿದಿದ್ದರೆ ಒಳ್ಳೆಯದು.

ಮೊದಲು ಆ 1000 ವ್ಯಾಟ್. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವ ವಿದ್ಯುತ್ತು ಸುಮಾರು ಅಷ್ಟೇ. ಅಷ್ಟು ವಿದ್ಯುತ್ತನ್ನು ನಿಜವಾಗಿ ನುಂಗುವ ಎಲ್‌ಇಡಿ ದೀಪವಾದರೆ ಅದಕ್ಕೆ ಶಾಖ ಹೊರಹಾಕುವ ದೊಡ್ಡ ಅಲ್ಯೂಮಿನಿಯಂ ಬೆನ್ನು ಬೇಕು, ಹಲವು ಕೆಜಿ ತೂಕ ಇರಬೇಕು, ಬೆಲೆ ಹತ್ತಾರು ಸಾವಿರ ದಾಟಬೇಕು. 2,800 ರೂಪಾಯಿಗೆ ಅಂಗೈಯಲ್ಲಿ ಹಿಡಿಯಬಹುದಾದ ಡಬ್ಬಿಯಲ್ಲಿ ಅದು ಬರುವುದಿಲ್ಲ. ಹಾಗಾದರೆ ಆ ಸಂಖ್ಯೆ ಎಲ್ಲಿಂದ ಬಂತು? ಒಂದೊಂದು ಎಲ್‌ಇಡಿ ಮಣಿ ಗರಿಷ್ಠ ತಾಳಬಲ್ಲ ಶಕ್ತಿ 10 ವ್ಯಾಟ್ ಎನ್ನುವುದು, ಅಂಥ ನೂರು ಮಣಿಗಳಿವೆ ಎಂದು ಗುಣಿಸುವುದು. ಆ ಮಣಿಗಳಿಗೆ ಉಣಿಸುವುದು ಮಾತ್ರ ಒಂದೊಂದು ವ್ಯಾಟ್. ವಿವರಣೆಯ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ನಿಜವಾದ ಬಳಕೆ’ ಎಂದು 100 ಅಥವಾ 110 ವ್ಯಾಟ್ ಬರೆದಿರುತ್ತಾರೆ. ಇನ್ನು ಕೆಲವರು ಅದನ್ನೂ ಬರೆಯುವುದಿಲ್ಲ.

ಕೈಯಲ್ಲಿರುವ ದೀಪ ಎಷ್ಟು ಎಳೆಯುತ್ತದೆ ಎಂಬುದನ್ನು ನೀವೇ ಕಂಡುಹಿಡಿಯಬಹುದು, ಅದಕ್ಕೆ ಉಪಕರಣ ಬೇಡ. ಮನೆಯ ವಿದ್ಯುತ್ ಮೀಟರಿನ ಮುಖದಲ್ಲಿ ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. ಫ್ರಿಜ್ಜು, ವೈಫೈ ಪೆಟ್ಟಿಗೆ ಸೇರಿ ಮನೆಯಲ್ಲಿ ಎಲ್ಲವನ್ನೂ ಆರಿಸಿ, ಆ ಒಂದು ದೀಪವನ್ನು ಮಾತ್ರ ಹಚ್ಚಿ, ಹದಿನೈದು ನಿಮಿಷ ಮಿನುಗುಗಳನ್ನು ಎಣಿಸಿ. 64 ಬಂತೆನ್ನಿ. ಗಂಟೆಗೆ 256 ಆಯಿತು. ಅದನ್ನು 3200ರಿಂದ ಭಾಗಿಸಿದರೆ 0.08 ಯೂನಿಟ್, ಅಂದರೆ 80 ವ್ಯಾಟ್. ಸಾವಿರ ವ್ಯಾಟ್ ಎಂದು ಮಾರಿದ ದೀಪ ನಿಜಕ್ಕೂ ಅಷ್ಟು ಎಳೆಯುವುದಾದರೆ ಹದಿನೈದು ನಿಮಿಷಕ್ಕೆ 800 ಮಿನುಗು ಬರಬೇಕಿತ್ತು. ಮಾರಿದವನಿಗೆ ವಾಪಸು ಕಳುಹಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಎಣಿಸುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಇಷ್ಟಾದರೂ ವ್ಯಾಟ್ ತಿಳಿಸುವುದು ಖರ್ಚನ್ನು. ಗಿಡಕ್ಕೆ ಸಿಗುವ ಬೆಳಕನ್ನು ಅದು ತಿಳಿಸುವುದಿಲ್ಲ. ಎಲೆ ಆಹಾರ ತಯಾರಿಸಲು ಬಳಸುವುದು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಕಣಗಳನ್ನು. ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಅಂಥ ಕಣಗಳು ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೊಮೋಲ್ ಎಂಬ ಎಣಿಕೆಯ ಮಾನದಲ್ಲಿ ಅಳೆಯುತ್ತಾರೆ. ಮಳೆಯನ್ನು ದಿನಕ್ಕೆ ಇಷ್ಟು ಮಿಲಿಮೀಟರ್ ಎಂದು ಲೆಕ್ಕ ಇಡುವಂತೆ, ಇಡೀ ದಿನದಲ್ಲಿ ಬಿದ್ದ ಬೆಳಕನ್ನು ಒಟ್ಟು ಮಾಡಿ ಚದರ ಮೀಟರಿಗೆ ಇಷ್ಟು ಮೋಲ್ (ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್) ಎನ್ನುತ್ತಾರೆ. ಬೆಂಗಳೂರಿನ ಬಯಲಿನಲ್ಲಿ ಈ ಮೊತ್ತ ಋತುವಿಗೆ ತಕ್ಕಂತೆ ದಿನಕ್ಕೆ ಹೆಚ್ಚುಕಡಿಮೆ 30ರಿಂದ 45 ಮೋಲ್. ಕಿಟಕಿಯಿಂದ ದೂರದ ಕೋಣೆಯ ಮಧ್ಯದಲ್ಲಿ ಅರ್ಧ ಮೋಲ್ ಕೂಡ ಇರುವುದಿಲ್ಲ. ನಮ್ಮ ಕಣ್ಣು ಮಬ್ಬಿಗೆ ಬೇಗ ಹೊಂದಿಕೊಳ್ಳುತ್ತದೆ. ಹಾಗಾಗಿಯೇ ‘ನಮ್ಮ ಹಾಲ್‌ನಲ್ಲಿ ಒಳ್ಳೆಯ ಬೆಳಕಿದೆ, ಆದರೂ ಗಿಡ ಸೊರಗುತ್ತಿದೆ’ ಎಂಬ ಪತ್ರಗಳು ನನಗೆ ಬರುವುದು.

ಯಾವ ಗಿಡಕ್ಕೆ ಎಷ್ಟು ಬೇಕು? ಮೊಳಕೆ ಸೊಪ್ಪು ಎಂದು ಈಗ ಜನಪ್ರಿಯವಾಗಿರುವ ಸಾಸಿವೆ, ಮೆಂತ್ಯ, ಹೆಸರಿನ ಎಳೆಯ ಸಸಿಗಳಿಗೆ ದಿನಕ್ಕೆ ಆರು ಮೋಲ್ ಸಾಕು. ಮೆಂತ್ಯ, ಕೊತ್ತಂಬರಿ, ಪುದೀನ ಎಂಟರ ಸುಮಾರಿಗೆ ಕೆಲಸಕ್ಕೆ ಬರುವಷ್ಟು ಬೆಳೆಯುತ್ತವೆ, ಹನ್ನೆರಡಿದ್ದರೆ ನಳನಳಿಸುತ್ತವೆ. ಲೆಟ್ಯೂಸ್ ಮತ್ತು ತುಳಸಿಗೆ ಹನ್ನೆರಡಾದರೂ ಇರಬೇಕು. ಟೊಮೆಟೊ, ಮೆಣಸಿನಕಾಯಿಗೆ ಇಪ್ಪತ್ತರ ಮೇಲೆ. ಮನಿಪ್ಲಾಂಟ್‌ನಂಥ ನೆರಳಿನ ಗಿಡ ಎರಡು ಮೂರರಲ್ಲಿ ಕಾಲ ಹಾಕುತ್ತದೆ.

ಈಗ ನಿಮ್ಮ ರ‍್ಯಾಕಿಗೆ ಬರೋಣ. 20 ವ್ಯಾಟ್‌ನ ಒಳ್ಳೆಯ ಬ್ಯಾಟನ್ ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ, ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಲ್ಯೂಮೆನ್ ನಮ್ಮ ಕಣ್ಣಿನ ಅಳತೆ, ಗಿಡದ್ದಲ್ಲ. ಆದರೆ ಬಿಳಿ ಎಲ್‌ಇಡಿಗಳ ಮಟ್ಟಿಗೆ ಈ ಎರಡರ ನಡುವಿನ ಅನುಪಾತ ಹೆಚ್ಚು ಬದಲಾಗುವುದಿಲ್ಲ. ಲ್ಯೂಮೆನ್ ಅನ್ನು 70ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಎಂಬುದು ಸರಿಸುಮಾರಾಗಿ ಸಿಗುತ್ತದೆ. ಅಂದರೆ ಒಂದು ಬ್ಯಾಟನ್‌ಗೆ 28 ಅಥವಾ 29, ನಾಲ್ಕಕ್ಕೆ 114. ಬದಿಗಳಲ್ಲಿ ಬಿಳಿ ಹಲಗೆ ಇಟ್ಟು ಬೆಳಕು ಸೋರದಂತೆ ನೋಡಿಕೊಂಡರೆ ಇದರ ಮುಕ್ಕಾಲು ಭಾಗ ಗಿಡದ ಮೇಲೆ ಬೀಳುತ್ತದೆ ಎಂದುಕೊಳ್ಳೋಣ. ನಾಲ್ಕು ಅಡಿಗೆ ಒಂದೂವರೆ ಅಡಿಯ ರ‍್ಯಾಕ್ ಎಂದರೆ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಸುಮಾರು 0.56. ಹಾಗಾಗಿ ಎಲೆಯ ಮಟ್ಟದಲ್ಲಿ ಚದರ ಮೀಟರಿಗೆ ಸರಾಸರಿ 153 ಮೈಕ್ರೊಮೋಲ್. ಇದನ್ನು ಗಂಟೆಗಳಿಂದ ಮತ್ತು 0.0036ರಿಂದ ಗುಣಿಸಿದರೆ ದಿನದ ಮೊತ್ತ ಬರುತ್ತದೆ: ಹದಿನಾಲ್ಕು ಗಂಟೆ ಉರಿಸಿದರೆ ಸುಮಾರು ಎಂಟು ಮೋಲ್. ಸೊಪ್ಪಿಗೆ ಸಾಕು. ಎರಡು ಬ್ಯಾಟನ್ ಸೇರಿಸಿ ಆರು ಮಾಡಿದರೆ ಹನ್ನೆರಡು ಮೋಲ್‌ನ ಹತ್ತಿರ, ತುಳಸಿಯೂ ಖುಷಿ. ಮೆಣಸಿನ ಗಿಡಕ್ಕೆ ಬೇಕಾದ ಇಪ್ಪತ್ತರ ಹತ್ತಿರ ಬರಲು ಅದೇ ರ‍್ಯಾಕಿಗೆ ಹತ್ತು ಬ್ಯಾಟನ್ ಬೇಕಾಗುತ್ತದೆ. ಆಗ ಅದು 200 ವ್ಯಾಟ್, ತಿಂಗಳಿಗೆ 84 ಯೂನಿಟ್. ನಾಲ್ಕು ಗಿಡದ ಹಸಿಮೆಣಸಿನಕಾಯಿಗಾಗಿ ಇಷ್ಟು ಮಾಡುವುದು ಹುಚ್ಚು. ಮೆಣಸಿನ ಸಸಿಗಳನ್ನು ಬೇಕಾದರೆ ಇಲ್ಲಿ ಎಬ್ಬಿಸಿ, ನಾಲ್ಕೆಂಟು ಎಲೆ ಬಂದ ಮೇಲೆ ಬಿಸಿಲಿರುವ ನೆಂಟರ ಮನೆಗೆ ಕೊಡಿ.

ನನ್ನ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಮೊಬೈಲಿಗೆ ಉಚಿತ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ (ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್). ಆಂಡ್ರಾಯ್ಡ್ ಫೋನುಗಳಲ್ಲಿ ಬೆಳಕು ಗ್ರಹಿಸುವ ಕಣ್ಣು ಸಾಮಾನ್ಯವಾಗಿ ಪರದೆಯ ಮೇಲ್ತುದಿಯಲ್ಲಿರುತ್ತದೆ. ಗಿಡದ ತುದಿಯ ಎತ್ತರದಲ್ಲಿ ಫೋನನ್ನು ಅಂಗಾತ ಹಿಡಿದರೆ ರ‍್ಯಾಕಿನ ಮಧ್ಯದಲ್ಲಿ ಹತ್ತು ಹನ್ನೊಂದು ಸಾವಿರ ಲಕ್ಸ್ ತೋರಿಸಬೇಕು. ಅದನ್ನೂ 70ರಿಂದ ಭಾಗಿಸಿ. ಅಂಚುಗಳಲ್ಲಿ ಇದರ ಅರ್ಧಕ್ಕೆ ಇಳಿದಿರಬಹುದು. ಹಾಗಾಗಿ ವಾರಕ್ಕೊಮ್ಮೆ ಕುಂಡಗಳ ಜಾಗ ಬದಲಿಸಿ, ತುಳಸಿಯನ್ನು ಮಾತ್ರ ಮಧ್ಯದಿಂದ ಅಲುಗಾಡಿಸಬೇಡಿ. ಫೋನಿನ ಅಳತೆ ಪ್ರಯೋಗಾಲಯದ ಅಳತೆಯಲ್ಲ. ಆದರೂ ಎರಡು ಜಾಗಗಳಲ್ಲಿ ಯಾವುದು ಮೇಲು ಎಂದು ಹೇಳಲು ಧಾರಾಳವಾಗಿ ಸಾಕು. ನೇರಳೆ ದೀಪದ ಕೆಳಗೆ ಮಾತ್ರ ಈ ಲಕ್ಸ್ ಲೆಕ್ಕ ನಡೆಯುವುದಿಲ್ಲ. ಕೆಂಪು ಮತ್ತು ನೀಲಿಗೆ ನಮ್ಮ ಕಣ್ಣು ಮಂದವಾದ್ದರಿಂದ ಅಲ್ಲಿ ಲಕ್ಸ್ ನಿಜಕ್ಕಿಂತ ಬಹಳ ಕಡಿಮೆ ತೋರುತ್ತದೆ.

ಹಾಗಾದರೆ ಗಿಡಕ್ಕೆ ನೇರಳೆ ಬೆಳಕೇ ಬೇಕು ಎಂಬ ನಂಬಿಕೆ ಹುಟ್ಟಿದ್ದು ಹೇಗೆ? ಪತ್ರಹರಿತ್ತನ್ನು ಎಲೆಯಿಂದ ಬೇರ್ಪಡಿಸಿ ದ್ರಾವಣದಲ್ಲಿ ಪರೀಕ್ಷಿಸಿದಾಗ ಅದು ನೀಲಿಯನ್ನೂ ಕೆಂಪನ್ನೂ ಹೆಚ್ಚಾಗಿ ಹೀರುತ್ತದೆ, ಹಸಿರನ್ನು ಬಿಟ್ಟುಬಿಡುತ್ತದೆ. ಶಾಲೆಯ ಪುಸ್ತಕದಲ್ಲಿ ಎರಡು ಗುಡ್ಡಗಳ ಆ ನಕ್ಷೆಯನ್ನು ನೀವೂ ನೋಡಿರುತ್ತೀರಿ. ಆದರೆ ಇಡೀ ಎಲೆಯ ಕಥೆ ಬೇರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ 22 ಬಗೆಯ ಬೆಳೆಗಳ ಎಲೆಗಳನ್ನು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿಟ್ಟು ಅಳೆದರು. ಹಸಿರು ಬೆಳಕಿನಲ್ಲೂ ಎಲೆ ಚೆನ್ನಾಗಿಯೇ ಕೆಲಸ ಮಾಡುವುದು ಕಂಡುಬಂತು. ಎಲೆಯೊಳಗೆ ಅತ್ತಿತ್ತ ಚದುರುತ್ತಾ ಹೋಗುವ ಹಸಿರು ಕಣಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ಹೀರಲ್ಪಡುತ್ತವೆ. ಕೆಳಗಿನ ಪದರಗಳನ್ನು ತಲುಪುವಲ್ಲಿ ಅವು ಕೆಂಪು, ನೀಲಿಗಿಂತ ಒಂದು ಕೈ ಮೇಲು ಕೂಡ.

ಆದರೂ ಆರಂಭದ ಗ್ರೋ ಲೈಟುಗಳು ಕೆಂಪು-ನೀಲಿಯಾಗಿದ್ದವು, ಅದಕ್ಕೆ ಕಾರಣವೂ ಇತ್ತು. ಬಿಳಿ ಎಲ್‌ಇಡಿ ಆಗ ದುಬಾರಿ, ಬೆಳಕೂ ಕಡಿಮೆ. ಬಾಹ್ಯಾಕಾಶದಲ್ಲಿ ತರಕಾರಿ ಬೆಳೆಸುವ ಕನಸಿನಿಂದ ನಾಸಾ 1980ರ ದಶಕದ ಕೊನೆಯಲ್ಲೇ ಎಲ್‌ಇಡಿ ಸಂಶೋಧನೆಗೆ ಹಣ ಕೊಟ್ಟಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ‘ವೆಜಿ’ ಪೆಟ್ಟಿಗೆಯಲ್ಲಿ ಬೆಳೆದ ಕೆಂಪು ಲೆಟ್ಯೂಸನ್ನು 2015ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ತಿಂದಾಗ ಬಂದ ಚಿತ್ರಗಳಲ್ಲಿ ಇದ್ದದ್ದು ಅದೇ ಗುಲಾಬಿ-ನೇರಳೆ ಬೆಳಕು. ಆ ಪೆಟ್ಟಿಗೆಯಲ್ಲೂ ಗಿಡ ಮನುಷ್ಯರ ಕಣ್ಣಿಗೆ ಗಿಡದಂತೆ ಕಾಣಲಿ ಎಂದು ಹಸಿರು ಎಲ್‌ಇಡಿಗಳನ್ನು ಸೇರಿಸಿದ್ದರು. ಈಗ ಕಾಲ ಬದಲಾಗಿದೆ. ನಮ್ಮ ಮನೆಯ ಬಿಳಿ ಎಲ್‌ಇಡಿ ಒಳಗೆ ಇರುವುದು 450 ನ್ಯಾನೊಮೀಟರ್ ಸುಮಾರಿನ ನೀಲಿ ಚಿಪ್. ಅದರ ಮೇಲೆ ಬಳಿದ, ಫಾಸ್ಫರ್ ಎಂಬ ಹಳದಿ ಪುಡಿಯ ಲೇಪ ಆ ನೀಲಿಯ ಬಹುಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಗಿಡಕ್ಕೆ ಬೇಕಾದ ಬಣ್ಣಗಳೆಲ್ಲ ಅದರಲ್ಲಿವೆ. ‘ಫುಲ್ ಸ್ಪೆಕ್ಟ್ರಮ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದು ಮಾರುವ ದೀಪ ನಿಮ್ಮ ಹಾಲಿನ ಟ್ಯೂಬ್‌ಲೈಟಿಗಿಂತ ಬೇರೆಯೇನೂ ಆಗಿರಬೇಕಿಲ್ಲ.

ನೇರಳೆಯ ವಿರುದ್ಧ ನನ್ನ ದೊಡ್ಡ ದೂರು ಇನ್ನೊಂದಿದೆ. ಆ ಬೆಳಕಿನಲ್ಲಿ ಹಸಿರೆಲೆ ಕಪ್ಪಾಗಿ ಕಾಣುತ್ತದೆ. ಎಲೆ ಹಳದಿಗೆ ತಿರುಗಿದ್ದು, ಹೇನು ಕೂತದ್ದು, ಬೂಷ್ಟು ಬಂದದ್ದು ಒಂದೂ ಕಣ್ಣಿಗೆ ಬೀಳುವುದಿಲ್ಲ. ಬಿದ್ದಾಗ ಗಿಡ ಕೈಬಿಟ್ಟಿರುತ್ತದೆ. ಅಡುಗೆಮನೆಯ ಪಕ್ಕದಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಆ ಬಣ್ಣದ ಬೆಳಕು ಉರಿಯುತ್ತಿದ್ದರೆ ಮನೆಯವರ ತಾಳ್ಮೆಯೂ ಕೈಬಿಡುತ್ತದೆ.

ಬಿಳಿಯಲ್ಲಿ ಯಾವ ಬಿಳಿ ಎಂದು ಕೇಳುತ್ತೀರಿ. ಅಂಗಡಿಯಲ್ಲಿ ಕೂಲ್ ವೈಟ್ ಎಂದರೆ 6500 ಕೆಲ್ವಿನ್, ವಾರ್ಮ್ ವೈಟ್ ಎಂದರೆ 3000 ಅಥವಾ 2700. ಕೂಲ್ ವೈಟ್‌ನಲ್ಲಿ ನೀಲಿ ಹೆಚ್ಚು, ಗಿಡ ಗಿಡ್ಡವಾಗಿ ದಟ್ಟವಾಗಿ ಬರುತ್ತದೆ. ವಾರ್ಮ್‌ನಲ್ಲಿ ಕೆಂಪು ಹೆಚ್ಚು, ಗೆಣ್ಣುಗಳ ನಡುವಿನ ಅಂತರ ಚೂರು ಉದ್ದವಾಗಬಹುದು. ಸೊಪ್ಪಿಗೆ ಕೂಲ್ ವೈಟ್ ಧಾರಾಳವಾಗಿ ನಡೆಯುತ್ತದೆ, ಎಲ್ಲೆಡೆ ಸಿಗುವುದೂ ಅದೇ. ಮೂರು ಕೂಲ್, ಒಂದು ವಾರ್ಮ್ ಹಾಕಿಕೊಂಡರೂ ಆದೀತು. ಇದರ ಬಗ್ಗೆ ಗಂಟೆಗಟ್ಟಲೆ ವಾದಿಸುವವರಿದ್ದಾರೆ. ನಾಲ್ಕು ಬ್ಯಾಟನ್‌ನ ತೋಟದಲ್ಲಿ ಆ ವ್ಯತ್ಯಾಸಕ್ಕಿಂತ ನೀರು ಹಾಕುವುದರಲ್ಲಿ ನೀವು ಮಾಡುವ ಹೆಚ್ಚುಕಡಿಮೆಯೇ ದೊಡ್ಡದು.

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡದೆ ಲ್ಯೂಮೆನ್ ನೋಡಿ, ಒಂದನ್ನು ಇನ್ನೊಂದರಿಂದ ಭಾಗಿಸಿ. ವ್ಯಾಟಿಗೆ 100 ಲ್ಯೂಮೆನ್‌ಗಿಂತ ಕಡಿಮೆಯಿದ್ದರೆ ಬೇರೆ ಕೇಳಿ. ಭಾರತೀಯ ಮಾನಕ ಬ್ಯೂರೊದ ಗುರುತು ಮತ್ತು ಅದರ ಜೊತೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ವಾರಂಟಿಯ ಅವಧಿ ನೋಡಿ, ಬಿಲ್ ಕೇಳಿ ಪಡೆಯಿರಿ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಗಟು ಅಂಗಡಿಗಳಲ್ಲಿ ಬೆಲೆ ಇಳಿಯುತ್ತದೆ, ಆದರೆ ಅಲ್ಲಿ ಹೆಸರಿಲ್ಲದ ಮಾಲೂ ಪಕ್ಕದಲ್ಲೇ ಇರುತ್ತದೆ. ಕೆಟ್ಟರೆ ಕೆಡುವುದು ಹೆಚ್ಚಾಗಿ ಬ್ಯಾಟನ್ ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕಂತೆ ಕರೆಂಟನ್ನು ಹದಗೊಳಿಸುವ ಭಾಗ, ಎಲ್‌ಇಡಿ ಅಲ್ಲ. ಪೆಟ್ಟಿಗೆ ಹೇಳುವ 25,000 ಗಂಟೆ ನಿಜವಾದರೆ ದಿನಕ್ಕೆ ಹದಿನಾಲ್ಕು ಗಂಟೆಯಂತೆ ಐದು ವರ್ಷದ ಹತ್ತಿರ ಬರುತ್ತದೆ. ನಾನಾದರೆ ಮೂರು ವರ್ಷ ಎಂದಿಟ್ಟುಕೊಳ್ಳುತ್ತೇನೆ.

ಮನೆ ದೀಪ ಇಷ್ಟು ಅಗ್ಗವಾದದ್ದು ತಾನಾಗಿ ಅಲ್ಲ. ಕೇಂದ್ರ ಸರ್ಕಾರದ ಉಜಾಲಾ ಯೋಜನೆಗಾಗಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಳ್ಳಲು ಹೊರಟಾಗ, 2014ರಲ್ಲಿ 310 ರೂಪಾಯಿಯಿದ್ದ ಸಗಟು ದರ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದೇ ಯೋಜನೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಆ ದೊಡ್ಡ ಸಂತೆಯ ಲಾಭ ನಿಮ್ಮ ಕೊತ್ತಂಬರಿಗೂ ಸಿಗಲಿ.

ನಿಜವಾದ ಒಳ್ಳೆಯ ಗ್ರೋ ಲೈಟ್ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬ್ಯಾಟನ್ ಒಂದು ವ್ಯಾಟಿಗೆ ಸುಮಾರು 1.4 ಮೈಕ್ರೊಮೋಲ್ ಕೊಟ್ಟರೆ, ತೋಟಗಾರಿಕೆಗೆಂದೇ ಮಾಡಿದ ಉತ್ತಮ ದೀಪ 2.5ರ ಮೇಲೆ ಕೊಡುತ್ತದೆ. ಅದೇ ಬೆಳಕಿಗೆ 80 ವ್ಯಾಟಿನ ಬದಲು 46 ವ್ಯಾಟ್ ಸಾಕು, ತಿಂಗಳಿಗೆ 14 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ ತೊಂಬತ್ತು ರೂಪಾಯಿ ಚಿಲ್ಲರೆ. ದೀಪಕ್ಕೆ ಮೂರು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ವಾಪಸು ಬರಲು ಮೂರು ವರ್ಷದ ಹತ್ತಿರವಾಗುತ್ತದೆ. ಹತ್ತು ರ‍್ಯಾಕ್ ಇಟ್ಟು ಮೊಳಕೆ ಸೊಪ್ಪು ಮಾರುವವರಿಗೆ ಲೆಕ್ಕ ಬೇರೆ, ಅವರು ಅಂಥ ದೀಪವನ್ನೇ ಕೊಳ್ಳಬೇಕು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ವ್ಯಾಟಿಗೆ ಎಷ್ಟು ಮೈಕ್ರೊಮೋಲ್? ಇದಕ್ಕೆ ಉತ್ತರ ಕೊಡಲಾಗದ ಮಾರಾಟಗಾರನಿಂದ ದುಬಾರಿ ದೀಪ ಕೊಳ್ಳಬೇಡಿ.

ಕಟ್ಟುವ ಕೆಲಸ. ರ‍್ಯಾಕಿನ ಮೇಲಿನ ತಟ್ಟೆಯ ಅಡಿಗೆ ನಾಲ್ಕು ಬ್ಯಾಟನ್‌ಗಳನ್ನು ಉದ್ದಕ್ಕೆ, ಸಮ ಅಂತರದಲ್ಲಿ ಕೂರಿಸಿ. ಗಿಡದ ತುದಿಗೂ ದೀಪಕ್ಕೂ ಒಂದು ಗೇಣು ಅಂತರವಿರಲಿ, ಹೆಚ್ಚೆಂದರೆ ಒಂದು ಅಡಿ. ಬ್ಯಾಟನ್ ಹೆಚ್ಚು ಕಾಯುವುದಿಲ್ಲ, ಎಲೆ ಸುಡುವ ಭಯ ಬೇಡ. ಮನೆಯೊಳಗಿನ ತೋಟಗಳಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಹತ್ತಕ್ಕೆ ಎಂಟು ಇದೇ: ದೀಪ ಚಾವಣಿಯಲ್ಲಿ, ಗಿಡ ನೆಲದಲ್ಲಿ. ದೀಪವನ್ನು ಇಳಿಸಲಾಗದಿದ್ದರೆ ಕುಂಡದ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿ, ಗಿಡ ಬೆಳೆದಂತೆ ಇಟ್ಟಿಗೆ ತೆಗೆಯಿರಿ. ರ‍್ಯಾಕಿನ ಹಿಂಬದಿಗೂ ಎರಡು ಪಕ್ಕಗಳಿಗೂ ಜಾಹೀರಾತು ಫಲಕಕ್ಕೆ ಬಳಸುವ ಬಿಳಿ ಸನ್‌ಬೋರ್ಡ್ ಅಥವಾ ಬಿಳಿ ಬಣ್ಣ ಬಳಿದ ಪ್ಲೈವುಡ್ ಕಟ್ಟಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗಿಂತ ಹೊಳಪಿಲ್ಲದ ಬಿಳಿಯೇ ಬೆಳಕನ್ನು ಸಮವಾಗಿ ಹಂಚುತ್ತದೆ. ಮುಂಭಾಗ ತೆರೆದಿರಲಿ, ಗಾಳಿ ಆಡಬೇಕು.

ಯುಟಿಲಿಟಿ ಎಂದಿದ್ದೀರಿ. ಅಂದರೆ ಬಟ್ಟೆ ಒಗೆಯುವ ಯಂತ್ರ, ನಲ್ಲಿ, ಒದ್ದೆ ನೆಲ. ಮನೆಯ ಬ್ಯಾಟನ್‌ಗಳಿಗೆ ನೀರು ತಡೆಯುವ ಕವಚ ಇರುವುದಿಲ್ಲ. ಮೇಲಿನಿಂದ ನೀರು ಚಿಮುಕಿಸಬೇಡಿ, ಕುಂಡದ ಬುಡಕ್ಕೆ ಹಾಕಿ. ಕಬ್ಬಿಣದ ರ‍್ಯಾಕಿಗೆ ವೈರಿನ ಸಿಪ್ಪೆ ಸುಲಿದು ತಾಗಿದರೆ ಇಡೀ ರ‍್ಯಾಕಿಗೆ ಕರೆಂಟು ಹರಿಯುತ್ತದೆ. ಆದ್ದರಿಂದ ತಿರುಚಿ ಟೇಪು ಸುತ್ತಿದ ಜೋಡಣೆ ಬೇಡ, ಎಲೆಕ್ಟ್ರಿಷಿಯನ್ ಕರೆಸಿ ಕನೆಕ್ಟರ್ ಹಾಕಿಸಿ, ರ‍್ಯಾಕಿಗೆ ಅರ್ಥಿಂಗ್ ಕೊಡಿಸಿ, ಮೂರು ಪಿನ್ನಿನ ಪ್ಲಗ್ಗಿಗೇ ತನ್ನಿ. ಈ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಜಿಪುಣತನ ಮಾಡಬೇಡಿ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಇಡದೆ ಗೋಡೆಗೆ ಎತ್ತರದಲ್ಲಿ ತೂಗುಹಾಕಿ.

ಟೈಮರ್ ಬಗ್ಗೆ ಒಂದು ಕಿವಿಮಾತು. ಗುಂಡಗೆ ತಿರುಗುವ ಹಲ್ಲುಗಳಿರುವ ಮೆಕ್ಯಾನಿಕಲ್ ಟೈಮರ್ ಅಗ್ಗ, ಆದರೆ ಕರೆಂಟು ಹೋದಾಗ ಅದೂ ನಿಲ್ಲುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಗಂಟೆ ಹೋಗುತ್ತಿದ್ದರೆ ವಾರದೊಳಗೆ ನಿಮ್ಮ ದೀಪ ನಡುರಾತ್ರಿ ಹೊತ್ತಿಕೊಳ್ಳುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇನ್ವರ್ಟರ್ ಇದ್ದರೆ ಈ ದೀಪಗಳನ್ನು ಅದಕ್ಕೆ ಜೋಡಿಸಬೇಡಿ. ಎರಡು ಗಂಟೆ ಕತ್ತಲಾದರೆ ಮೆಂತ್ಯ ಮುನಿಸಿಕೊಳ್ಳುವುದಿಲ್ಲ.

ಎಷ್ಟು ಗಂಟೆ? ಹನ್ನೆರಡರಿಂದ ಹದಿನಾಲ್ಕು. ಬೆಳಕು ಕಡಿಮೆ ಎನಿಸಿದಾಗ ಗಂಟೆ ಹೆಚ್ಚಿಸಿ ಸರಿದೂಗಿಸಬಹುದು, ಅದಕ್ಕೂ ಒಂದು ಮಿತಿಯಿದೆ. ಗಿಡ ರಾತ್ರಿಯ ಉದ್ದವನ್ನೂ ಲೆಕ್ಕ ಇಡುತ್ತದೆ. ಕೊತ್ತಂಬರಿಗೆ ಹಗಲು ಉದ್ದವಾದಷ್ಟೂ, ಜೊತೆಗೆ ಸೆಕೆ ಸೇರಿದಷ್ಟೂ ಹೂವಿಗೆ ಹೋಗುವ ಆತುರ. ಹದಿನಾರು ಹದಿನೆಂಟು ಗಂಟೆ ಉರಿಸಿದರೆ ಸೊಪ್ಪು ತುಂಬುವ ಮೊದಲೇ ದಂಟೆದ್ದು ಬಿಡುತ್ತದೆ. ಸೇವಂತಿಗೆಯದು ಇದಕ್ಕೆ ತದ್ವಿರುದ್ಧ: ರಾತ್ರಿ ಉದ್ದವಾದಾಗ ಮಾತ್ರ ಹೂ ಬಿಡುವ ಗಿಡ ಅದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಬಲ್ಬುಗಳ ಸಾಲು ಹೊತ್ತಿರುವುದನ್ನು ನೋಡಿರಬಹುದು. ರೈತರು ಆ ಬೆಳಕಿನಿಂದ ರಾತ್ರಿಯನ್ನು ತುಂಡು ಮಾಡಿ ಸೇವಂತಿಗೆಯ ಮೊಗ್ಗನ್ನು ತಡೆದು ಗಿಡವನ್ನು ಬೆಳೆಸಿಕೊಳ್ಳುತ್ತಾರೆ, ಹಬ್ಬದ ಪೇಟೆಗೆ ಹೊಂದುವಂತೆ ಬಲ್ಬು ಆರಿಸುತ್ತಾರೆ. ಅಲ್ಲಿ ಬೆಳಕು ಆಹಾರಕ್ಕಲ್ಲ, ಬರೀ ಸೂಚನೆಗೆ. ಅದಕ್ಕೇ ಅಷ್ಟು ದೂರದೂರ ತೂಗಿದ ಸಣ್ಣ ಬಲ್ಬುಗಳೇ ಸಾಕಾಗುತ್ತವೆ. ಅದನ್ನು ನೋಡಿ ‘ಒಂದು ಬಲ್ಬಿನಲ್ಲೇ ಹೊಲ ಬೆಳೆಯುತ್ತಾರೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗೃಹಜ್ಯೋತಿ. ನಾಲ್ಕು ಬ್ಯಾಟನ್ 80 ವ್ಯಾಟ್, ಹದಿನಾಲ್ಕು ಗಂಟೆಗೆ 1.12 ಯೂನಿಟ್, ತಿಂಗಳಿಗೆ 34. ನಿಮ್ಮ ಉಚಿತ ಮಿತಿ ಎಲ್ಲರಿಗೂ ಒಂದೇ 200 ಅಲ್ಲ, ಸಾಮಾನ್ಯವಾಗಿ ಅದು 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದ್ದು. ಸರಾಸರಿ 110 ಇದ್ದರೆ ಮಿತಿ 121. ಈಗಲೂ 110 ಬಳಸುತ್ತಿದ್ದರೆ ದೀಪದ ನಂತರ 144 ಆಗುತ್ತದೆ, ಮಿತಿ ಮೀರಿದ 23 ಯೂನಿಟ್ಟಿಗೆ ಮಾತ್ರ ಹಣ ಕಟ್ಟುತ್ತೀರಿ. ನೂರೈವತ್ತು ರೂಪಾಯಿಯ ಆಸುಪಾಸು. ಆದರೆ ಈಗಾಗಲೇ 175 ಬಳಸುವ ಮನೆಯಾದರೆ ಈ 34 ನಿಮ್ಮನ್ನು 200 ದಾಟಿಸುತ್ತದೆ, ಆ ತಿಂಗಳ ಪೂರ್ತಿ ಬಿಲ್ ನಿಮ್ಮ ತಲೆಗೆ ಬರುತ್ತದೆ. ಹಳೆಯ ಬಿಲ್ಲುಗಳನ್ನು ಒಮ್ಮೆ ತಿರುವಿ ಹಾಕಿ. ಗಡಿಯಲ್ಲಿದ್ದರೆ ಎರಡೇ ಬ್ಯಾಟನ್ ಹಾಕಿ, ಅರ್ಧ ರ‍್ಯಾಕಿನಷ್ಟು ಜಾಗಕ್ಕೆ ಹತ್ತಿರ ಹತ್ತಿರ ಕೂರಿಸಿ ಮೊಳಕೆ ಸೊಪ್ಪು, ಮೆಂತ್ಯ ಮಾತ್ರ ಬೆಳೆಯಿರಿ. ಹೇಗೂ ಹಣ ಉಳಿಸಲು ಮಾಡುವ ಕೆಲಸ ಇದಲ್ಲ. ಬೀದಿಯಲ್ಲಿ ಕೊತ್ತಂಬರಿ ಕಟ್ಟು ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ.

ಶುರು ಮಾಡಲು ಮೆಂತ್ಯವೇ ಒಳ್ಳೆಯದು, ಮೂರು ನಾಲ್ಕು ವಾರಕ್ಕೆ ಕೊಯ್ಲು. ದೊಡ್ಡಪತ್ರೆಯನ್ನು ನೀವು ಬರೆದಿಲ್ಲ, ಅದನ್ನೂ ಒಂದು ಕುಂಡ ಸೇರಿಸಿ, ಕಡಿಮೆ ಬೆಳಕಿನಲ್ಲೂ ತಂಬುಳಿಗೆ ಆಗುವಷ್ಟು ಕೊಡುತ್ತದೆ. ಸಸಿಗಳು ಬಿಳಿಚಿಕೊಂಡು ಉದ್ದುದ್ದ ಎಳೆದುಕೊಂಡು ಒಂದೇ ಕಡೆ ವಾಲಿದರೆ ಬೆಳಕು ಸಾಲದು, ದೀಪ ಹತ್ತಿರ ತನ್ನಿ. ಮೇಲಿನ ಎಲೆಗಳು ಮಾತ್ರ ಬಣ್ಣಗೆಟ್ಟು ಅಂಚು ಮುದುಡಿದರೆ ಚೂರು ದೂರ ಮಾಡಿ. ಬಿಸಿಲಿಲ್ಲದ ಕಡೆ ಮಣ್ಣು ನಿಧಾನ ಒಣಗುತ್ತದೆ. ತಾರಸಿಯ ಅಭ್ಯಾಸದಂತೆ ದಿನಾ ನೀರು ಹಾಕಿದರೆ ಬೇರು ಕೊಳೆತು ಸಣ್ಣ ಕಪ್ಪು ನೊಣಗಳು ಮನೆ ತುಂಬುತ್ತವೆ. ಬೆರಳು ಚುಚ್ಚಿ ನೋಡಿ, ಒಂದು ಇಂಚು ಒಣಗಿದ್ದರೆ ಮಾತ್ರ ನೀರು.

ಇನ್ನು ನಿಮ್ಮ ಅಕ್ಕ. ಅವರಿಗೆ ಇಲ್ಲಿಂದ ದೀಪ ಕಳುಹಿಸಬೇಡಿ. ಕೆನಡಾದ ಮನೆಗಳಲ್ಲಿ ಕರೆಂಟು 120 ವೋಲ್ಟ್, ನಮ್ಮ ಬ್ಯಾಟನ್‌ಗಳಲ್ಲಿ ಬಹುಪಾಲು 220-240ಕ್ಕೆ ಮಾಡಿದವು. ಅಲ್ಲಿಯ ಸಿಎಸ್‌ಎ ಅಥವಾ ಸಿಯುಎಲ್ ಎಂಬ ಸುರಕ್ಷತಾ ಗುರುತಿಲ್ಲದ ದೀಪದಿಂದ ಅವಘಡವಾದರೆ ಮನೆ ವಿಮೆಯವರು ತಕರಾರು ತೆಗೆಯಬಹುದು. ಗ್ಯಾರೇಜಿಗೆ ಹಾಕುವ ನಾಲ್ಕು ಅಡಿಯ ಎಲ್‌ಇಡಿ ‘ಶಾಪ್ ಲೈಟ್’ ಅಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ, ಒಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಲ್ಯೂಮೆನ್ ಇರುವುದನ್ನು ನೋಡಿಕೊಳ್ಳಲಿ. ಗಿಡ ಒಂದೇ ಆಗಿದ್ದರೆ, ಬೆಳಕನ್ನು ಒಂದೇ ಕಡೆಗೆ ಬೀರುವ 15ರಿಂದ 20 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ ಗಿಡದ ತುದಿಯಿಂದ ಒಂದು ಅಡಿ ಮೇಲೆ ನಿಲ್ಲಿಸಿದರೂ ಸಾಕು. ಇಂಥ ಬಲ್ಬಿನ ಬೆಳಕು ದೂರ ಹೋದಂತೆ ಬೇಗ ಕುಸಿಯುತ್ತದೆ, ಎರಡು ಪಟ್ಟು ದೂರಕ್ಕೆ ಕಾಲು ಭಾಗ ಮಾತ್ರ ಉಳಿಯುತ್ತದೆ. ಆದ್ದರಿಂದ ಆ ಒಂದು ಅಡಿ ಮುಖ್ಯ. ಡಿಸೆಂಬರ್‌ನಲ್ಲಿ ಟೊರೊಂಟೊದ ಹಗಲು ಒಂಬತ್ತು ಗಂಟೆಗೂ ಕಡಿಮೆ. ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಯ ಬಳಿ ಗಿಡ ಇಟ್ಟು, ದೀಪವನ್ನು ಹನ್ನೆರಡರಿಂದ ಹದಿನಾಲ್ಕು ಗಂಟೆ ಉರಿಸಲಿ.

ಎಲೆ ಉದುರಲು ಬೆಳಕಿನಷ್ಟೇ ಚಳಿಯೂ ಕಾರಣ. ಕಿಟಕಿಯ ಗಾಜಿಗೆ ತಾಗಿ ನಿಂತ ಗಿಡಕ್ಕೆ ರಾತ್ರಿ ಕೋಣೆಯ ಬಿಸಿ ಸಿಗುವುದಿಲ್ಲ, ಗಾಜಿನಿಂದ ಒಂದು ಮೊಳ ಈಚೆಗೆ ಸರಿಸಲಿ, ಕೋಣೆ 18 ಡಿಗ್ರಿಗಿಂತ ಕೆಳಗಿಳಿಯದಿರಲಿ. ಹೀಟರಿನ ಬಿಸಿಗಾಳಿ ನೇರವಾಗಿ ಬಡಿಯುವ ಜಾಗವೂ ಬೇಡ. ನವೆಂಬರಿನಿಂದ ಫೆಬ್ರುವರಿವರೆಗೆ ಗೊಬ್ಬರ ನಿಲ್ಲಿಸಿ ನೀರನ್ನು ಅರ್ಧಕ್ಕೆ ಇಳಿಸಲಿ. ಇಷ್ಟೆಲ್ಲ ಮಾಡಿದ ಮೇಲೂ ಬೋಳಾದರೆ ಕಿತ್ತೆಸೆಯುವುದು ಬೇಡ. ಕಾಂಡವನ್ನು ಉಗುರಿನಿಂದ ಕೆರೆದು ನೋಡಲಿ, ಒಳಗೆ ಹಸಿರಿದ್ದರೆ ಏಪ್ರಿಲ್‌ವರೆಗೆ ಕಾಯಬಹುದು.